ಸಣ್ಣಗ ಇಡು

ನಾನು ಒಂದು ಮಾತು ಸೇರಿಸಿದೆ. ಬೈಗುಳವಲ್ಲ, ಚಾಡಿಯೂ ಅಲ್ಲ — ಎರಡೇ ಅಕ್ಷರದ ಸಾದಾ ಮಾತು, ‘ಪಟ್ಟಿ’. ಆಡಬೇಕಾಗಿದ್ದ ದಿನ ಅದನ್ನು ಆಡಿರಲಿಲ್ಲ. ಆಮೇಲೊಂದು ದಿನ, ನಾಲ್ಕು ಜನರ ಮುಂದೆ, ಆಡಿದ್ದೆ ಎಂದು ಹೇಳಿದೆ. ಅದರಿಂದ ಹುಲಗೂರಿನ ಮೆಹಬೂಬಿ ಎಂಬ ಹೆಣ್ಣುಮಗಳು ತನ್ನ ಎರಡೂ ಕಿವಿಗಳ ಮೇಲಿನ ನಂಬಿಕೆಯನ್ನು ಕಳೆದುಕೊಂಡಳು. ಅವಳ ಕಿವಿಗಳಿಗೆ ಏನೂ ಆಗಿರಲಿಲ್ಲ. ಅದು ನನಗೆ ಗೊತ್ತಿತ್ತು — ನನಗೊಬ್ಬಳಿಗೇ ಗೊತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಶಿಗ್ಗಾವಿಯ ಹೊರಗೆ, ಹೆದ್ದಾರಿಯ ಮಗ್ಗುಲಿಗೆ, ತಗಡಿನ ಮಾಡಿನ ಒಂದು ಶೆಡ್ಡು. ಅಲ್ಲಿ ನಾವು ಕಿವಿ ಮಂದವಿದ್ದವರು ಇಟ್ಟುಕೊಳ್ಳುವ ಯಂತ್ರದ ಬೋರ್ಡುಗಳನ್ನು ಮಾಡುತ್ತಿದ್ದೆವು. ಆಗಿನ ಯಂತ್ರವೆಂದರೆ ಅಂಗಿಯ ಕಿಸೆಯಲ್ಲಿ ಕೂರುವ ಪುಟ್ಟ ಪೆಟ್ಟಿಗೆ, ಅದರಿಂದ ಕಿವಿಯವರೆಗೆ ಒಂದು ವೈರು. ಪೆಟ್ಟಿಗೆ ಕಟ್ಟುವವರು ಬೇರೆ, ದೂರದ ಊರಿನವರು. ಅದರ ಹೊಟ್ಟೆಯೊಳಗಿನ ಬೋರ್ಡು ಮಾತ್ರ ನಮ್ಮದು. ನಾನು ಸವಣೂರಿನವಳು, ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದಿ, ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಒಲೆ ನನ್ನ ಕೈಯಲ್ಲಿತ್ತು. ಮೆಹಬೂಬಿ ನನ್ನ ಜೋಡಿ.

ಒಲೆ ಎಂದೆನಲ್ಲ — ಅದರ ಬಗ್ಗೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ನನ್ನ ತಪ್ಪು ನಿಮಗೆ ಕಾಣುವುದಿಲ್ಲ. ಬೋರ್ಡೆಂದರೆ ಬೆರಳುದ್ದದ ಹಸಿರು ಹಲಗೆ. ಅದರ ಮೇಲೆ ಸೀಸ-ತವರದ ಬೂದುಬಣ್ಣದ ಹಿಟ್ಟನ್ನು ಚುಕ್ಕಿಚುಕ್ಕಿಯಾಗಿ ಬಳಿದು, ಚುಕ್ಕಿಗಳ ಮೇಲೆ ಎಳ್ಳುಕಾಳಿನಂಥ ಬಿಡಿಭಾಗಗಳನ್ನು ಚಿಮಟಿಗೆಯಿಂದ ಕೂರಿಸಿ, ಒಲೆಯೊಳಗೆ ಬಿಡುವುದು. ಒಲೆ ಸುರಂಗದ ಹಾಗೆ ಉದ್ದಕ್ಕೆ ಮಲಗಿರುತ್ತಿತ್ತು. ಅದರೊಳಗೆ ಉಕ್ಕಿನ ಜಾಳಿಗೆಯ ಪಟ್ಟಿಯೊಂದು ಸದಾ ಹರಿಯುತ್ತಿರುತ್ತಿತ್ತು. ಬೋರ್ಡು ಆ ಪಟ್ಟಿಯ ಮೇಲೆ ಕುಳಿತು ಈ ಬಾಯಿಂದ ಹೋಗಿ ಆ ಬಾಯಿಂದ ಬರುವಷ್ಟರಲ್ಲಿ ಹಿಟ್ಟು ಕರಗಿ, ಹರಿದು, ಮತ್ತೆ ಗಟ್ಟಿಯಾಗಿ, ಬಿಡಿಭಾಗಗಳ ಕಾಲುಗಳನ್ನು ಹಿಡಿದುಕೊಂಡಿರಬೇಕು.

ಅದಕ್ಕೆ ಒಂದೇ ಸಮ ಕಾವು ಕೊಟ್ಟರೆ ನಡೆಯದು. ಮೊದಲು ಬೆಚ್ಚಗಾಗಬೇಕು. ಆಮೇಲೆ ಆ ಬೆಚ್ಚನೆಯಲ್ಲಿ ಸ್ವಲ್ಪ ಹೊತ್ತು ನೆನೆಯಬೇಕು. ಆಮೇಲೆ ಒಂದು ಝಳ, ಒಂದೇ ಒಂದು. ಆಮೇಲೆ ಸಾವಕಾಶ ಆರಬೇಕು. ಝಳ ಕಡಿಮೆ ಬಿದ್ದರೆ ಬೆಸುಗೆ ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ಹೆಚ್ಚಾದರೆ ಬಿಡಿಭಾಗ ಬಿರಿಯುತ್ತದೆ. ಈ ಏರಿಳಿತಕ್ಕೆ ಪ್ರೊಫೈಲ್ ಎಂದು ಹೆಸರು. ಅದನ್ನು ಹೊಂದಿಸುವುದು ನನ್ನ ಕೆಲಸ. ಹೊಂದಿಸಲು ಇದ್ದದ್ದು ಎರಡು ಗುಂಡಿ — ಒಂದು ಕಾವಿನದು, ಇನ್ನೊಂದು ಪಟ್ಟಿಯ ಓಟದ್ದು. ಪಟ್ಟಿ ನಿಧಾನವಾದರೆ ಬೋರ್ಡು ಹೆಚ್ಚು ಹೊತ್ತು ಒಳಗಿರುತ್ತದೆ, ಹೆಚ್ಚು ಕಾಯುತ್ತದೆ. ಎಂದರೆ, ಪಟ್ಟಿಯನ್ನು ಇಳಿಸುವುದು ಮತ್ತು ಕಾವನ್ನು ಇಳಿಸುವುದು ಒಂದಕ್ಕೊಂದು ತಿರುವುಮುರುವು. ಇದಿಷ್ಟು ನೆನಪಿದ್ದರೆ ಸಾಕು.

ಹೊಸ ನಮೂನೆಯ ಬೋರ್ಡು ಬಂದಾಗ ಅದರ ಮೈಗೆ ಕೂದಲೆಳೆಯಂಥ ತಂತಿ ಅಂಟಿಸಿ ಒಳಗೆ ಕಳಿಸುತ್ತಿದ್ದೆವು. ತಂತಿಯ ಈಚೆ ತುದಿಯಲ್ಲಿ ಕಾವು ತೋರಿಸುವ ಮೀಟರಿನ ಮುಳ್ಳು ಏರುತ್ತ ಹೋಗುತ್ತಿತ್ತು. ನಾನು ಮುಳ್ಳನ್ನು ನೋಡುವುದು, ಮೆಹಬೂಬಿ ಗುಂಡಿಗಳ ಹತ್ತಿರ ನಿಂತು ನನ್ನ ಬಾಯನ್ನು ನೋಡುವುದು. ನಾನು ಅಂದದ್ದೇ ತಡ, ಅವಳ ಕೈ ತಿರುಗಿರುತ್ತಿತ್ತು. ಅಷ್ಟು ಚುರುಕು ಕಿವಿ ಅವಳದು.

ನಮ್ಮ ನಡುವೆ ಪ್ರೊಫೈಲ್ ಎಂಬ ಮಾತು ಬರುತ್ತಲೇ ಇರಲಿಲ್ಲ. ಹದ ಅನ್ನುತ್ತಿದ್ದೆವು. ‘ಇವತ್ತ ಹದ ಬಂದಿಲ್ಲ’, ‘ಇನ್ನೊಂದೀಟು ನೆನೀಲಿ’, ‘ಝಳ ಹತ್ತೇತಿ ನೋಡು’ — ಇವು ನಮ್ಮ ಅಜ್ಜಿಯ ಮಾತುಗಳು. ನನಗೆ ಮಾತು ಬಂದದ್ದೇ ಅಜ್ಜಿಯ ಒಲೆಯ ಮುಂದೆ. ರೊಟ್ಟಿ ಬಡಿಯುತ್ತ ಆಕೆ ಆಡುತ್ತಿದ್ದ ಮಾತು, ಬೈಯುತ್ತಿದ್ದ ಬೈಗುಳ, ಹೇಳುತ್ತಿದ್ದ ಒಗಟು ಎಲ್ಲವೂ ನನ್ನ ನಾಲಗೆಗೆ ಹಾಗೇ ಇಳಿದಿದ್ದವು. ಮೆಹಬೂಬಿಗೂ ಅಷ್ಟೇ, ಅವಳ ನಾನಿ ಹುಲಗೂರಿನಲ್ಲಿ ಲಗ್ನದ ಅಡಿಗೆಗೆ ಹೋಗುತ್ತಿದ್ದಳಂತೆ. ಹಾಗಾಗಿ ಹೊರದೇಶದಿಂದ ಬಂದಿದ್ದ ಆ ಹಳೆಯ ಒಲೆ ನಮ್ಮಿಬ್ಬರ ಕೈಯಲ್ಲಿ ಮೆಲ್ಲಗೆ ಅಡಿಗೆಮನೆಯಾಗಿತ್ತು.

ಬೋರ್ಡಿಗೆ ಭಾಗ ಕೂರಿಸುವ ನಾಗವ್ವ ಹಿರೇಕೆರೂರ ಕಡೆಯವಳು, ಬಾಯಿ ಸುಮ್ಮನಿರದವಳು. ಆಕೆ ಬೆಳಿಗ್ಗೆ ಬರುತ್ತಲೇ ಕೇಳುವಳು: “ಏನ್ರಿ ಅಕ್ಕಾರ, ಇವತ್ತ ಹುಗ್ಗಿನೋ ಹೋಳಿಗೀನೋ?”

“ಬಿರಿಯಾನಿ ಐತಿ ಯವ್ವಾ,” ಎನ್ನುವಳು ಮೆಹಬೂಬಿ. “ದಮ್ಮಿಗೆ ಇಟ್ಟೇವಿ. ನೀ ಮುಚ್ಚಳ ತಗೀಬ್ಯಾಡ.”

“ನಿಮ್ಮ ಬಿರಿಯಾನಿ ತಿಂದವರ ಹಲ್ಲು ಉಳಿತಾವೇನು?”

“ಹಲ್ಲು ಹೋದ್ರ ಹೋಗ್ಲಿ, ಕಿವಿ ಬರ್ತಾವು.”

ಅವಳು ಹೀಗೆ ಅಂದಾಗ ಎಲ್ಲರೂ ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಆದರೆ ಆ ನಗೆಯ ಕೊನೆಯಲ್ಲಿ ಸಣ್ಣ ನಿಲುಗಡೆಯೊಂದು ಇರುತ್ತಿತ್ತು. ಅವಳ ಮಗಳು ಜರೀನಾಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ನಮ್ಮ ಬೋರ್ಡಿದ್ದ ಪೆಟ್ಟಿಗೆಯೊಂದನ್ನು ಎದೆಗೆ ಕಟ್ಟಿದ ಮೇಲೆ, ಗದ್ದಲವಿಲ್ಲದ ಕಡೆ, ಅವ್ವನ ಧ್ವನಿ ಮಾತ್ರ ಅಷ್ಟಿಷ್ಟು ತಾಕುತ್ತಿತ್ತಂತೆ. ಮೊದಲ ಸಲ ಆ ಮಗು ತಿರುಗಿ ನೋಡಿದ್ದನ್ನು ಮೆಹಬೂಬಿ ಎಷ್ಟು ಸಲ ಹೇಳಿದ್ದಳೋ. ಹೇಳಿದಷ್ಟು ಸಲವೂ ತಾನೇ ಆ ಮಗುವಿನ ಹಾಗೆ ಮೆಲ್ಲಗೆ ಕತ್ತು ತಿರುಗಿಸಿ ತೋರಿಸುತ್ತಿದ್ದಳು.

ಒಲೆಯ ಬದಿಗೆ ಒಂದು ಗಾಜಿನ ಕಿಟಕಿ ಇತ್ತು, ಅಂಗೈಯಗಲದ್ದು. ಝಳದ ಜಾಗಕ್ಕೆ ಸರಿಯಾಗಿ. ಮಧ್ಯಾಹ್ನ ಊಟವಾದ ಮೇಲೆ, ತಗಡಿನ ಮಾಡು ಕಾದು ಶೆಡ್ಡೆಲ್ಲ ತೂಕಡಿಸುವಾಗ, ನಾವಿಬ್ಬರೂ ಆ ಕಿಟಕಿಗೆ ಮುಖವಿಟ್ಟು ಕೂರುತ್ತಿದ್ದೆವು. ಒಳಗೆ ಎಲ್ಲವೂ ನೀರಿನಡಿ ನೋಡಿದಂತೆ ನಡುಗುತ್ತಿತ್ತು. ಪಟ್ಟಿ ಹರಿಯುತ್ತಿದೆಯೋ, ನಿಂತಿದೆಯೋ, ನಾವೇ ಹಿಂದಕ್ಕೆ ಹೋಗುತ್ತಿದ್ದೇವೋ ತಿಳಿಯುತ್ತಿರಲಿಲ್ಲ. ಬೂದು ಚುಕ್ಕಿಗಳು ಬೂದಿಯಂತೆಯೇ ಬರುತ್ತಿದ್ದವು, ಬರುತ್ತಿದ್ದವು — ಒಂದು ಜಾಗ ಮುಟ್ಟಿದೊಡನೆ ಯಾರೋ ಒಳಗಿನಿಂದ ಕಣ್ಣು ಬಿಟ್ಟಂತೆ ಎಲ್ಲವೂ ಒಟ್ಟಿಗೆ ಕನ್ನಡಿಯಾಗಿಬಿಡುತ್ತಿದ್ದವು. ಸದ್ದಿಲ್ಲ, ಹೊಗೆಯಿಲ್ಲ. ಬರೀ ಒಂದು ಹೊಳಪು. “ಎದ್ವು,” ಎನ್ನುತ್ತಿದ್ದಳು ಮೆಹಬೂಬಿ, ಮಲಗಿದ್ದ ಮಕ್ಕಳನ್ನು ಕಂಡವರ ಹಾಗೆ ಪಿಸುದನಿಯಲ್ಲಿ. ಈಗಲೂ ನನ್ನ ಕನಸಿನಲ್ಲಿ ಬರುವುದು ಆ ಕಿಟಕಿ. ಪಕ್ಕದಲ್ಲಿ ಅವಳ ಬೆಚ್ಚಗಿನ ಉಸಿರು. ಬೂದಿ ಬರುತ್ತದೆ, ಬರುತ್ತದೆ... ಅದು ಏಳುವ ಮೊದಲೇ ನನಗೆ ಎಚ್ಚರವಾಗುತ್ತದೆ.

ಆ ದಿನ ಸ್ವಲ್ಪ ದಪ್ಪನೆಯ ಬೋರ್ಡುಗಳ ಹೊಸ ಸರಕು ಒಲೆಗೆ ಹೋಗುವುದಿತ್ತು. ದಪ್ಪನೆಯದು ಕಾಯಲು ಹೆಚ್ಚು ಹೊತ್ತು ಬೇಕು. ಎಂದರೆ ಪಟ್ಟಿಯನ್ನು ನಿಧಾನ ಮಾಡಬೇಕು. ಅಷ್ಟರಲ್ಲಿ ಮ್ಯಾನೇಜರ ಕೋಣೆಯಿಂದ ಕರೆ ಬಂತು. ಅವರನ್ನು ನಾವೆಲ್ಲ ಸಾಹೇಬ್ರು ಅನ್ನುತ್ತಿದ್ದೆವು. ದೂರದ ಊರಿನಿಂದ, ನಮ್ಮ ಬೋರ್ಡು ಕೊಳ್ಳುವ ಕಂಪನಿಯವರು ಬಂದಿದ್ದಾರೆ, ಒಲೆಯ ವಿಷಯ ವಿವರಿಸಬೇಕು ಎಂದು. ನಾನು ಸೆರಗು ಸರಿಮಾಡಿಕೊಂಡು ಹೊರಟವಳು, ಬಾಗಿಲಲ್ಲಿ ನಿಂತು ಹಿಂದಕ್ಕೆ ತಿರುಗಿ ಅಂದೆ:

“ಮೆಹಬೂಬಿ, ಸಣ್ಣಗ ಇಡು.”

ಅಷ್ಟೇ. ಏನನ್ನು ಸಣ್ಣಗೆ ಎಂದು ಹೇಳಲಿಲ್ಲ. ಓಟ ತಗ್ಗಿಸುವುದಕ್ಕೂ ಉರಿ ತಗ್ಗಿಸುವುದಕ್ಕೂ ನಮ್ಮಲ್ಲಿ ‘ಸಣ್ಣಗ’ ಒಂದೇ ಮಾತು. ಮನಸ್ಸಿನಲ್ಲಿ ಪಟ್ಟಿ ಇತ್ತು; ನಾಲಗೆಯ ಮೇಲೆ ಇರಲಿಲ್ಲ. ನೀವೇ ಹೇಳಿ, ನಮ್ಮ ಕಡೆಯ ಯಾವ ಹೆಂಗಸಿಗಾದರೂ ಒಲೆಯ ಮುಂದೆ ನಿಂತಾಗ ‘ಸಣ್ಣಗ ಇಡು’ ಎಂದರೆ ಏನು ಕೇಳಿಸುತ್ತದೆ? ಉರಿ ಸಣ್ಣಗೆ ಇಡು ಎಂದಲ್ಲವೇ. “ಹೂಂರಿ ಅಕ್ಕಾರ,” ಅಂದಳು. ಕಾವಿನ ಗುಂಡಿಯನ್ನು ಇಳಿಸಿದಳು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದಳು.

ಕೋಣೆಯಲ್ಲಿ ಚಹಾ ಬಂದಿತ್ತು. ಸಾಹೇಬ್ರು ಬಂದವರಿಗೆ ನನ್ನನ್ನು ತೋರಿಸಿ, “ಇವ್ರ ನೋಡ್ರಿ ನಮ್ಮ ಒಲಿ ಸಂಭಾಳಸವ್ರು. ನಮ್ಮಲ್ಲಿ ಯಂತ್ರ ನಡಸೂದಿಲ್ರಿ, ಅಡಗಿ ಮಾಡ್ತಾರ,” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಆ ನಗೆಯನ್ನು ತೊಳೆದುಹಾಕುವವಳ ಹಾಗೆ ಪ್ರೊಫೈಲ್, ಪ್ರೊಫೈಲ್ ಎಂದು ಮತ್ತೆಮತ್ತೆ ಅಂದೆ. ಅಜ್ಜಿಯ ಒಂದು ಮಾತೂ ಬಾಯಿಗೆ ಬರದ ಹಾಗೆ ನೋಡಿಕೊಂಡೆ. ಮಾತು ಬೆಳೆಯಿತು, ನನ್ನನ್ನು ಅಲ್ಲಿಯೇ ಕೂರಿಸಿಕೊಂಡರು, ಸಂಜೆ ನೇರವಾಗಿ ಬಸ್ಸಿಗೆ ಹೋದೆ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಕಾವಿನ ಗುಂಡಿ ಕೆಳಗಿತ್ತು, ಪಟ್ಟಿಯದು ಇದ್ದಲ್ಲಿಯೇ ಇತ್ತು. ಒಂದು ಗಳಿಗೆ ನನಗೆ ಏನೂ ತಿಳಿಯಲಿಲ್ಲ. ಮರುಗಳಿಗೆ ಎಲ್ಲವೂ ತಿಳಿಯಿತು. ನನ್ನ ಮಾತೇ ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು, ಅರ್ಧ ಆಡಿದ್ದು. ಅಜ್ಜಿ ಅನ್ನುತ್ತಿದ್ದಳು, ಅರ್ಧ ಬೆಂದ ರೊಟ್ಟಿ ತಿಂದವರ ಹೊಟ್ಟೆ ನೋಯುತ್ತದೆ, ಅರ್ಧ ಆಡಿದ ಮಾತು ಕೇಳಿದವರ ಬಾಳು ನೋಯುತ್ತದೆ ಎಂದು. ಆಗ ಅದು ನೆನಪಾಯಿತೇ? ಇಲ್ಲ. ಆಗ ನೆನಪಾದದ್ದು ಸಾಹೇಬ್ರ ನಗೆ. ಹಿಂದಿನ ದಿನದ ಬೋರ್ಡುಗಳನ್ನು ಎತ್ತಿ ನೋಡಿದೆ. ಬೆಸುಗೆ ಸ್ವಲ್ಪ ಮಂಕಾಗಿತ್ತು. ಪರೀಕ್ಷೆಗೆ ಹಚ್ಚಿದರೆ ಎಲ್ಲವೂ ಕೆಲಸ ಮಾಡುತ್ತಿದ್ದವು. ಯಾರೂ ಬಂದಿರಲಿಲ್ಲ ಇನ್ನೂ. ಎರಡೂ ಗುಂಡಿಗಳನ್ನು ಇರಬೇಕಾದಲ್ಲಿಗೆ ತಿರುಗಿಸಿ, ಬೋರ್ಡುಗಳನ್ನು ಹಾಗೆಯೇ ಮುಂದಕ್ಕೆ ಕಳಿಸಿದೆ.

ಆ ಬೋರ್ಡುಗಳು ಪೆಟ್ಟಿಗೆಯೊಳಗೆ ಕೂತು, ಎಲ್ಲೆಲ್ಲೋ ಯಾರ‍್ಯಾರದೋ ಕಿಸೆ ಸೇರಿ, ಸ್ವಲ್ಪ ದಿನ ಕೇಳಿಸಿದವು. ಆಮೇಲೆ ಒಮ್ಮೊಮ್ಮೆ ಮೂಕವಾಗತೊಡಗಿದವು. ಪೂರ್ತಿ ಕೆಟ್ಟಿದ್ದರೆ ಚಿಂತೆಯಿರಲಿಲ್ಲ. ತಟ್ಟಿದರೆ ಕೇಳಿಸುವುದು, ಬಿಟ್ಟರೆ ಮತ್ತೆ ಇಲ್ಲ. ಹೀಗೆ ಪೆಟ್ಟಿಗೆಗಳು ಒಂದೊಂದಾಗಿ ಹಿಂದಿರುಗಿದವು. ಸಾಹೇಬ್ರು ಬೋರ್ಡನ್ನು ಬಿಸಿಲಿಗೆ ಹಿಡಿದು ನೋಡಿ ನಮ್ಮಿಬ್ಬರನ್ನೂ ಕರೆಸಿದರು. ಬೋರ್ಡಿಗೆ ಭಾಗ ಕೂರಿಸಿದವಳೆಂದು ನಾಗವ್ವನನ್ನೂ, ಪರೀಕ್ಷೆ ಮಾಡುವ ಒಬ್ಬರನ್ನೂ ನಿಲ್ಲಿಸಿದ್ದರು.

“ಝಳಾನ ಮುಟ್ಟಿಲ್ಲಲ್ಲ ಇದಕ್ಕ,” ಅಂದರು. “ಗುಂಡಿ ಮುಟ್ಟಿದವ್ರು ಯಾರು?”

“ನಾನ್ರಿ ಸಾಹೇಬ್ರ,” ಅಂದಳು ಮೆಹಬೂಬಿ. “ಕಾವು ಇಳಿಸಿದ್ನಿ. ಅಕ್ಕಾರ ಸಣ್ಣಗ ಇಡು ಅಂದಿದ್ರು.”

ಸಾಹೇಬ್ರು ನನ್ನ ಕಡೆ ತಿರುಗಿದರು. ಅವರ ತುಟಿಯ ಮೂಲೆಯಲ್ಲಿ ಆ ನಗೆ ಆಗಲೇ ಏಳುತ್ತಿತ್ತು, ಅಡಿಗೆಮನೆಯ ನಗೆ. ಇನ್ನೊಂದು ಗಳಿಗೆ ತಡೆದಿದ್ದರೆ ಅದು ಪೂರ್ತಿ ಏಳುತ್ತಿತ್ತು. ಏಳಲು ಬಿಡಬಾರದು ಅಂದುಕೊಂಡೆ. ಅಷ್ಟಕ್ಕೆ — ಬರೀ ಅಷ್ಟಕ್ಕೆ —

“ನಾನು ‘ಪಟ್ಟಿ ಸಣ್ಣಗ ಇಡು’ ಅಂದಿದ್ದೆ ಸರ್,” ಅಂದೆ.

ಧ್ವನಿ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು.

ಮೆಹಬೂಬಿ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಲಿಲ್ಲ. ಏನನ್ನೋ ಎಲ್ಲಿಯೋ ಇಟ್ಟು ಮರೆತವರು ನೆನಪು ಮಾಡಿಕೊಳ್ಳುತ್ತಾರಲ್ಲ, ಹಾಗೆ. ಅವಳ ಬಲಗೈ ತಾನಾಗಿ ಮೇಲೆದ್ದು ಕಿವಿಯನ್ನು ಮುಟ್ಟಿತು. “ಹಂಗ ಅಂದಿರಬೇಕ್ರಿ,” ಅಂದಳು. “ಅಕ್ಕಾರ ಸುಳ್ಳ ಯಾಕ ಹೇಳ್ತಾರ. ನನಗ ಕೇಳ್ಸಿರಾಕಿಲ್ಲ.”

“ಮಗಳಿಗೆ ಅಷ್ಟ ಅಂದ್ಕೊಂಡಿದ್ದೆ,” ಅಂದರು ಸಾಹೇಬ್ರು. “ಅವ್ವಗೂ ಒಂದು ಪೆಟಗಿ ಕಟ್ಟಬೇಕಾತಲ್ಲ.”

ಪರೀಕ್ಷೆಯವರು ನಕ್ಕರು. ಎಂದೂ ಬಾಯಿ ಮುಚ್ಚದ ನಾಗವ್ವ ನೆಲ ನೋಡಿದಳು. ನಾನು — ನಾನು ಆ ಮಂಕು ಬೋರ್ಡನ್ನು ನೋಡುತ್ತ ನಿಂತಿದ್ದೆ.

ಅವಳನ್ನು ಒಲೆಯಿಂದ ತೆಗೆದು ರಟ್ಟಿನ ಡಬ್ಬಿ ಕಟ್ಟುವ ಕಡೆಗೆ ಹಾಕಿದರು. ಕಿಟಕಿಯ ಮುಂದೆ ನಾನೊಬ್ಬಳೇ ಉಳಿದೆ. ಅಲ್ಲಿಂದ ಮುಂದೆ ಯಾರು ಏನು ಹೇಳಿದರೂ ಅವಳು, “ಇನ್ನೊಮ್ಮೆ ಹೇಳ್ರಿ,” ಅನ್ನತೊಡಗಿದಳು. ನೀರು ಕೊಡು ಎಂದರೂ ಇನ್ನೊಮ್ಮೆ. ಊಟಕ್ಕೆ ಬಾ ಎಂದರೂ ಇನ್ನೊಮ್ಮೆ. ಹುಡುಗಿಯರು ಅವಳಿಗೆ ‘ಇನ್ನೊಮ್ಮೆ’ ಎಂದೇ ಅಡ್ಡಹೆಸರಿಟ್ಟರು. ಮೊದಮೊದಲು ಅವಳೂ ನಗುತ್ತಿದ್ದಳು. ಮಳೆಗಾಲ ಬರುವಷ್ಟರಲ್ಲಿ ಕೆಲಸ ಬಿಟ್ಟಳು. ನಾನು ತಡೆಯಲಿಲ್ಲ. ಅವಳು ಹೋದದ್ದರಿಂದ ನನಗೆ ಹಗುರವಾಯಿತು — ಇದನ್ನೂ ಬರೆಯಲೇಬೇಕು.

ಆಮೇಲೆ ನನಗೆ ತಿಳವಳ್ಳಿಗೆ ಲಗ್ನವಾಯಿತು. ಆ ದಶಕ ಮುಗಿಯುತ್ತ ಬಂದಾಗ ಒಂದು ದಿನ ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ, ತಿಳವಳ್ಳಿಗೆ ಮರಳಲು, ಹಾನಗಲ್ಲಿನ ಬಸ್ಸಿಗೆ ಕಾಯುತ್ತಿದ್ದೆ. ಬದಿಯ ಬಸ್ಸಿನ ಹತ್ತಿರ ಪರಿಚಯದ ಧ್ವನಿ.

“ಹುಲಗೂರಿಗೆ ಹೋಗ್ತೈತೇನ್ರಿ?”

“ಹೋಗ್ತೈತಿ, ಹತ್ತು,” ಅಂದ ಕಂಡಕ್ಟರ್.

“ಇನ್ನೊಮ್ಮೆ ಹೇಳ್ರಿ.”

“ಏ ಯವ್ವಾ, ಬಾಯಿಲೆ ಹೇಳೇನಿ, ಮ್ಯಾಲೆ ಹಲಗಿ ಮ್ಯಾಲೆ ಬರದೈತಿ. ಇನ್ನ ಡೊಳ್ಳು ಬಡೀಲೇನು?”

ಪಕ್ಕದಲ್ಲಿ ಎದೆಗೆ ಪೆಟ್ಟಿಗೆ ಕಟ್ಟಿಕೊಂಡಿದ್ದ ಹುಡುಗಿ ಹಲಗೆಯನ್ನು ತೋರಿಸಿ, ಅಕ್ಷರಗಳನ್ನು ಒಂದೊಂದಾಗಿ ಎಳೆದು ಓದಿದಳು, “ಹು-ಲ-ಗೂ-ರು.” ಜರೀನಾ. ಮೆಹಬೂಬಿ ನನ್ನನ್ನು ಕಂಡು, “ಅಕ್ಕಾರ, ಆರಾಮ ಅದೀರೇನ್ರಿ,” ಎಂದು ಎರಡೂ ಕೈ ಹಿಡಿದುಕೊಂಡಳು. ಅದೇ ಬೆಚ್ಚಗಿನ ಕೈ. ಕಿವಿ ಹೇಗಿವೆ, ಡಾಕ್ಟರಿಗೆ ತೋರಿಸಿದೆಯೇನು ಎಂದು ಕೇಳಿದೆ, ಕೇಳಬಾರದಿತ್ತು.

“ಏನಂತ ತೋರಸ್ಲಿ ಅಕ್ಕಾರ,” ಅಂದಳು. “ಎಲ್ಲಾ ಕೇಳ್ತೈತ್ರಿ. ಆದ್ರ ಅವತ್ತ ನೀವು ಅಂದದ್ದು ಒಂದು ಮಾತು ಕೇಳ್ಸಲಿಲ್ಲ ನೋಡ್ರಿ, ಹಂಗ ಯಾವಾಗ ಏನು ಬಿಟ್ಟು ಹೋಗ್ತೈತೋ ಗೊತ್ತಾಗೂದಿಲ್ಲ. ಅದಕ್ಕ ಇನ್ನೊಮ್ಮೆ ಕೇಳ್ತೇನಿ.” ಮಗಳ ತಲೆಯ ಮೇಲೆ ಕೈಯಿಟ್ಟು, ಅವಳಿಗೆ ಕೇಳಿಸೀತೇನೋ ಎಂಬಂತೆ ದನಿ ತಗ್ಗಿಸಿದಳು. “ಅವತ್ತ ತಿಳೀತ್ರಿ ನನಗ, ಇಕಿಗೆ ಈ ಕಿವಿ ಎಲ್ಲಿಂದ ಬಂದಾವು ಅಂತ. ನಮ್ಮತ್ತಿ ಮೊದಲಿಂದನೂ ಅಂತಿದ್ಲು, ನಿನ್ನ ರಕ್ತದಾಗ ಐತಿ ಅಂತ. ನಾ ಜಗಳಾಡತಿದ್ನಿ. ಈಗ ಆಡೂದಿಲ್ಲ. ನಂದ ಕೊಟ್ಟೇನಿ ಇಕಿಗೆ.”

ಆಗ ಹೇಳಬೇಕಿತ್ತು. ಹೇಳಲು ಒಂದು ಬಸ್ಸು ಹೊರಡುವಷ್ಟು ಹೊತ್ತು ಸಾಕಿತ್ತು. ‘ಇಲ್ಲ ಮೆಹಬೂಬಿ’ — ಅಷ್ಟಂದಿದ್ದರೆ ಉಳಿದದ್ದು ತಾನಾಗಿ ಬರುತ್ತಿತ್ತು. ಬಾಯಿ ತೆರೆದೆ ಕೂಡ. “ಬಸ್ ಬಿಡ್ತಾರ, ಹತ್ತು,” ಅಂದೆ. ಅವಳು ಇನ್ನೊಮ್ಮೆ ಹೇಳ್ರಿ ಅನ್ನಲಿಲ್ಲ. ಆ ಮಾತು ಅವಳಿಗೆ ಒಂದೇ ಸಲಕ್ಕೆ ಕೇಳಿಸಿತು. ಕಿಟಕಿಯ ಪಕ್ಕ ಕುಳಿತು, ಬಸ್ಸು ತಿರುಗುವವರೆಗೂ ಇಬ್ಬರೂ ಕೈ ಬೀಸಿದರು.

ಆಮೇಲಿನ ವರ್ಷಗಳು ಆ ಜಾಳಿಗೆಯ ಪಟ್ಟಿಯ ಹಾಗೆ ಹರಿದುಹೋದವು — ಹರಿಯುತ್ತಿವೆಯೋ ನಿಂತಿವೆಯೋ ತಿಳಿಯದ ಹಾಗೆ. ನಡುವೆ ಸಮಾಧಾನ ಹೇಳಿಕೊಳ್ಳಲು ನೋಡಿದೆ. ನನಗೂ ವಯಸ್ಸು ಸಣ್ಣದಿತ್ತು, ಹೆಣ್ಣುಮಕ್ಕಳ ಕೈಯಲ್ಲಿ ಯಂತ್ರ ಕೊಡುತ್ತಿದ್ದದ್ದೇ ಅಪರೂಪ, ಒಂದು ತಪ್ಪಿಗೆ ಎಲ್ಲರ ಹೆಸರೂ ಹೋಗುತ್ತಿತ್ತು... ಇವು ಯಾವುವೂ ನನ್ನ ಬಾಯಲ್ಲಿ ನಿಲ್ಲಲಿಲ್ಲ. ನಾನು ಕಾಪಾಡಿಕೊಂಡದ್ದು ಯಾರ ಹೆಸರನ್ನೂ ಅಲ್ಲ. ಅಜ್ಜಿ ಕೊಟ್ಟ ಮಾತಿನಲ್ಲಿ ಯಂತ್ರ ನಡೆಸುತ್ತೇನೆಂದು ನಾಲ್ಕು ಜನ ನಗಬಾರದು, ಅಷ್ಟೇ. ಅದಕ್ಕಾಗಿ ಒಬ್ಬ ತಾಯಿಯ ತಲೆಗೆ ಮಗಳ ಕಿವುಡನ್ನು ಕಟ್ಟಿದೆ.

ಹೋದ ವಾರ ನಾಗವ್ವ ಸಿಕ್ಕಿದ್ದಳು. ಹಲ್ಲು ಹೋಗಿವೆ, ಬಾಯಿ ಹೋಗಿಲ್ಲ. ಜರೀನಾ ಹುಲಗೂರಿನಲ್ಲಿಯೇ ಹೊಲಿಗೆ ಮಾಡುತ್ತಾಳಂತೆ, ಅವ್ವ ಅವಳ ಹತ್ತಿರವೇ ಇದ್ದಾಳಂತೆ. ಜರೀನಾಗೆ ಹೆಣ್ಣುಮಗು ಹುಟ್ಟಿದೆ. ಮಗುವಿಗೆ ಕಿವಿ ಚೆನ್ನಾಗಿ ಕೇಳುತ್ತವೆಯಂತೆ. ಆದರೂ ಮೆಹಬೂಬಿ ದಿನಾ ಬೆಳಿಗ್ಗೆ ಮಗುವಿನ ಬೆನ್ನ ಹಿಂದೆ ನಿಂತು ಹಿತ್ತಾಳೆಯ ಬಟ್ಟಲಿಗೆ ಚಮಚ ಬಡಿಯುತ್ತಾಳಂತೆ. ಮಗು ತಿರುಗಿ ನೋಡಿ ನಗುತ್ತದೆ. ಮರುದಿನ ಮತ್ತೆ ಬಡಿಯುತ್ತಾಳೆ. “‘ನಂದ ಇಕಿಗೂ ಹೋಗೈತೇನೋ’ ಅಂತ ಅಂಜತಾಳ್ರಿ ಅಕ್ಕಾರ,” ಅಂದಳು ನಾಗವ್ವ. ಆಮೇಲೆ ಬಹಳ ಹೊತ್ತು ನನ್ನ ಮುಖ ನೋಡಿದಳು.

ಆ ಬಟ್ಟಲಿನ ಸದ್ದು ಇಲ್ಲಿ, ತಿಳವಳ್ಳಿಯ ನನ್ನ ಕಟ್ಟೆಯವರೆಗೂ ಬರುತ್ತಿದೆ. ಕನಸಿನ ಕಿಟಕಿಯ ಒಳಗಿನಿಂದಲೂ ಈಗ ಅದೇ ಸದ್ದು.

ನಾಳೆ ಬೆಳಗಿನ ಬಸ್ಸಿಗೆ ಹೋಗುತ್ತೇನೆ. ಹುಲಗೂರಿನಲ್ಲಿ ಇಳಿದು, ಹೊಲಿಗೆಯ ಜರೀನಾ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕ್ಷಮಿಸು ಎಂದು ಕೇಳುವುದಿಲ್ಲ. ಅದು ಮತ್ತೆ ನನಗಾಗಿ ಕೇಳಿದಂತೆ. ಹೇಳಬೇಕಾದದ್ದನ್ನು ಈ ಸಲ ಅರ್ಧಕ್ಕೆ ನಿಲ್ಲಿಸದೆ, ಒಂದು ಪದ ಬಿಡದೆ, ಒಂದು ಪದ ಸೇರಿಸದೆ ಹೇಳುತ್ತೇನೆ. ‘ಮೆಹಬೂಬಿ, ಅವತ್ತ ನಾ ಅಂದದ್ದು ಸಣ್ಣಗ ಇಡು ಅಂತ, ಅಷ್ಟ. ಪಟ್ಟಿ ಅನ್ನಲಿಲ್ಲ. ನೀ ಕೇಳಿದ್ದ ಖರೆ ಇತ್ತು. ನಿನ್ನ ಕಿವಿಗೆ ಏನೂ ಆಗಿಲ್ಲ.’

ಅವಳು ಕತ್ತು ಸ್ವಲ್ಪ ವಾಲಿಸಿ, ಕಿವಿಗೆ ಕೈಯಿಟ್ಟು, ಇನ್ನೊಮ್ಮೆ ಹೇಳ್ರಿ ಅನ್ನುತ್ತಾಳೆ.

ಹೇಳುತ್ತೇನೆ. ಅವಳು ಸಾಕು ಅನ್ನುವವರೆಗೆ ಹೇಳುತ್ತೇನೆ.